ಬರಹ ಮೊದಲು, ತಂತ್ರಾಂಶ ಆಮೇಲೆ: ಕನ್ನಡದ ಸ್ವಂತ ಜಾಲತಾಣಕ್ಕೆ ಸಲಕರಣೆ ಆರಿಸುವ ಬಗೆ

ಸ್ವಂತ ಜಾಲತಾಣ ಕಟ್ಟಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಬ್ರೌಸರಿನಲ್ಲೇ ಬರೆದು ಪ್ರಕಟಿಸುವ ವರ್ಡ್‌ಪ್ರೆಸ್ ಹಾಕಲೋ, ಪಠ್ಯದ ಕಡತಗಳಿಂದ ಸಿದ್ಧ ಪುಟಗಳನ್ನು ತಯಾರಿಸಿಕೊಡುವ ಹ್ಯೂಗೋ ಕಲಿಯಲೋ? ಅದಕ್ಕೆ ಉತ್ತರ ಇದೆ, ಇವತ್ತು ಹೇಳುತ್ತೇನೆ ಕೂಡ. ಆದರೆ ಅದು ಮೂರನೆಯ ಪ್ರಶ್ನೆ. ಮೊದಲನೆಯದು, ನಿಮ್ಮ ಬರಹ ಯಾವ ರೂಪದಲ್ಲಿ ನಿಮ್ಮ ಕೈಯಲ್ಲೇ ಉಳಿಯುತ್ತದೆ ಎಂಬುದು. ಎರಡನೆಯದು, ತಾಣದ ವಿಳಾಸ ಯಾರ ಹೆಸರಿನಲ್ಲಿ ಇರುತ್ತದೆ ಎಂಬುದು. ಇವೆರಡು ಸರಿ ಇದ್ದರೆ ತಂತ್ರಾಂಶವನ್ನು ಐದು ವರ್ಷಕ್ಕೊಮ್ಮೆ ಬದಲಿಸಿದರೂ ಏನೂ ಕಳೆದುಹೋಗುವುದಿಲ್ಲ. ಯಾಹೂ 2009ರ ಅಕ್ಟೋಬರ್‌ನಲ್ಲಿ ಜನರ ತಾಣಗಳಿಗೆ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ ಮುಚ್ಚಿತು, ಗೂಗಲ್ 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಮುಚ್ಚಿತು. ಎರಡರಲ್ಲೂ ಬರಹದ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಂಡವರು ಹೊಸ ಜಾಗಕ್ಕೆ ಹೋದರು, ಇಟ್ಟುಕೊಳ್ಳದ ಎಷ್ಟೋ ಜನರ ಬರಹ ಅಲ್ಲೇ ಮುಗಿಯಿತು.

ಬರಹದ ರೂಪ

ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿ ಇದೆ. ಅದನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದಾಗ ಪ್ರತಿ ಸ್ಥಾನಕ್ಕೂ 3 ಬೈಟ್. 'ಕನ್ನಡ' ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಐದು ಸಂಕೇತ: ಕ, ನ, ವಿರಾಮ (ಸ್ವರ ತೆಗೆಯುವ ಗುರುತು), ಮತ್ತೆ ನ, ಡ. ಒಟ್ಟು 15 ಬೈಟ್. ಈ ಲೆಕ್ಕದಲ್ಲಿ ಸಾವಿರ ಪದದ ಒಂದು ಪ್ರಬಂಧ ಸುಮಾರು 25 ಕಿಲೋಬೈಟ್ ಆಗುತ್ತದೆ. ನೂರು ಪ್ರಬಂಧ ಸೇರಿದರೂ 2.5 ಮೆಗಾಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದೇ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ಬರಹವನ್ನು ಸರಳ ಪಠ್ಯದ ಕಡತಗಳಾಗಿ ಮೂರು ನಾಲ್ಕು ಕಡೆ ಇಟ್ಟುಕೊಳ್ಳದಿರಲು ಯಾವ ಕಾರಣವೂ ಇಲ್ಲ. ಶೀರ್ಷಿಕೆ, ಪಟ್ಟಿ, ಕೊಂಡಿಗಳನ್ನು ಗುರುತಿಸಲು ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಪದ್ಧತಿ ಸಾಕು. ಅದನ್ನು ಯಾವ ಎಡಿಟರ್‌ನಲ್ಲಾದರೂ ತೆರೆಯಬಹುದು, ತಂತ್ರಾಂಶವೇ ಇಲ್ಲದಿದ್ದರೂ ಓದಬಹುದು. ವಿಂಡೋಸ್‌ನ ನೋಟ್‌ಪ್ಯಾಡ್ ಬಳಸುವವರು ಒಂದನ್ನು ಗಮನಿಸಬೇಕು. 2019ರ ವಿಂಡೋಸ್ 10 ಆವೃತ್ತಿ 1903ರಿಂದ ಅದು ಯುಟಿಎಫ್-8ರಲ್ಲೇ ಉಳಿಸುತ್ತದೆ. ಅದಕ್ಕಿಂತ ಹಳೆಯದರಲ್ಲಿ ಆನ್ಸಿ ಎಂಬ ಹಳೆಯ ಸಂಕೇತದಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮತ್ತೆ ಮರಳಿ ಬರುವುದಿಲ್ಲ.

'ನುಡಿ' ತಂತ್ರಾಂಶದ ಹಳೆಯ ಕಡತಗಳು ಇರುವವರಿಗೆ ಕೆಲಸ ಇಲ್ಲಿಂದಲೇ ಶುರು. ಡಿಟಿಪಿಯಲ್ಲಿ ಟೈಪಾದ ಎಷ್ಟೋ ಪುಸ್ತಕ, ಲೇಖನಗಳು ಇವತ್ತಿಗೂ ಆಸ್ಕಿ ರೂಪದಲ್ಲಿವೆ. ಅಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಗುರುತುಗಳು, ಹುಡುಕುಯಂತ್ರಕ್ಕೆ ಕಾಣುವುದೂ ಅವೇ. ಇದನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ, ಆದರೆ ಕಣ್ಣುಮುಚ್ಚಿ ನಂಬಬೇಡಿ. ತಪ್ಪು ಎಲ್ಲಿ ಆಗುತ್ತದೆ ಎಂಬುದಕ್ಕೆ ಖಚಿತ ಕಾರಣಗಳಿವೆ.

ನುಡಿಯ ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಇಡೀ ಗುಣಿತಾಕ್ಷರ, ಒತ್ತಕ್ಷರ ದಾಟಿಸಿ ಹಿಂದಕ್ಕೆ ಒಯ್ಯಬೇಕು. ಮ, ಯ, ಝ ಮೂರೂ ಅಲ್ಲಿ ಹಲವು ತುಂಡು ಸೇರಿ ಆದ ಅಕ್ಷರಗಳು, ಒಂದು ತುಂಡು ತಪ್ಪಿದರೆ ಬೇರೆ ಅಕ್ಷರವಾಗುತ್ತದೆ. ದೀರ್ಘವೂ ಪ್ರತ್ಯೇಕ ತುಂಡು. ಮಧ್ಯದಲ್ಲಿರುವ ಇಂಗ್ಲಿಷ್ ಪದಗಳಂತೂ ಅದೇ ಸಂಕೇತಗಳನ್ನು ಹಂಚಿಕೊಂಡಿರುವುದರಿಂದ ವಿಚಿತ್ರ ಕನ್ನಡವಾಗಿ ಮಾರ್ಪಡುತ್ತವೆ. ಆದ್ದರಿಂದ ಇಂಗ್ಲಿಷ್ ಭಾಗಗಳನ್ನು ಮೊದಲೇ ತೆಗೆದು ಬೇರೆ ಇಡಿ. ಒಂದು ಪುಟ ಮಾತ್ರ ಪರಿವರ್ತಿಸಿ, ಅದರಲ್ಲಿ 'ಸೂರ್ಯ', 'ಧರ್ಮ', 'ರಾಷ್ಟ್ರ', 'ಸ್ತ್ರೀ', 'ಕೃಷಿ', 'ಝರಿ', 'ಕೋಟೆ' ಇಂಥ ಪದಗಳನ್ನು ನೋಡಿ. ಸರಿ ಇದ್ದರೆ ಮಾತ್ರ ಉಳಿದದ್ದು.

ಪರದೆಯಲ್ಲಿ ಸರಿಯಾಗಿ ಕಂಡರೂ ಒಳಗೆ ತಪ್ಪಿರುವ ಇನ್ನೊಂದು ಸಂದರ್ಭ ಇದೆ. 'ಕೋ' ಎಂಬುದನ್ನು ಕ-ಕಾರದ ಮುಂದೆ ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮಾನ, ಆದರೆ ಸಾಧಾರಣ ಹುಡುಕಾಟಕ್ಕೆ ಎರಡೂ ಬೇರೆ ಬೇರೆ. ತುಂಡು ತುಂಡಾಗಿ ಪರಿವರ್ತನೆಯಾದ ಕಡತದಲ್ಲಿ 'ಕೋಟೆ' ಹುಡುಕಿದರೆ ಸಿಗುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಯೂನಿಕೋಡ್‌ಡೇಟಾ ಎಂಬ ಭಾಗದಲ್ಲಿ ನಾರ್ಮಲೈಸ್ ಕರೆದು, ತುಂಡುಗಳನ್ನು ಕೂಡಿಸುವ ಎನ್‌ಎಫ್‌ಸಿ ರೂಪ ಆರಿಸಿ, ಎಲ್ಲ ಕಡತಗಳನ್ನೂ ಒಮ್ಮೆ ಹಾಯಿಸಿ. ಹತ್ತು ಸಾಲಿನ ಸ್ಕ್ರಿಪ್ಟ್, ಒಂದೇ ಸಲ ಮಾಡುವ ಕೆಲಸ.

ವಿಳಾಸ

ಡೊಮೇನ್, ಅಂದರೆ ತಾಣದ ವಿಳಾಸದ ಹೆಸರು, ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿರಬೇಕು. ತಾಣ ಮಾಡಿಕೊಟ್ಟವರ ಹೆಸರಿನಲ್ಲಿ ಅಲ್ಲ. ನೋಂದಣಿಗೆ ಕೊಡುವ ಇಮೇಲ್ ಅದೇ ಡೊಮೇನಿನದಾಗಿರಬಾರದು. ಡೊಮೇನ್ ನಿಂತರೆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರ ಬರುವ ದಾರಿಯೇ ಮುಚ್ಚುತ್ತದೆ. ತಾನಾಗಿ ನವೀಕರಣ ಆಗುವಂತೆ ಇಟ್ಟರೆ ಸಾಕು ಎಂದುಕೊಳ್ಳುವುದೂ ಅಪಾಯ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಮುಂಗಡ ಒಪ್ಪಿಗೆ) ನಿಯಮ ಪಾಲಿಸದ, ತಾನಾಗಿ ಮರುಕಳಿಸುವ ಪಾವತಿಗಳು ಭಾರತದ ಕಾರ್ಡುಗಳಲ್ಲಿ ನಿಂತುಹೋಗುತ್ತವೆ. ವಿದೇಶಿ ನೋಂದಣಿದಾರರ ಬಳಿ ಕಾರ್ಡ್ ಕೊಟ್ಟು ಮರೆತವರಿಗೆ ಇದು ತಟ್ಟುತ್ತದೆ. ಮೂರರಿಂದ ಐದು ವರ್ಷಕ್ಕೆ ಒಮ್ಮೆಗೇ ಹಣ ಕಟ್ಟಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕನ್ನಡ ಲಿಪಿಯಲ್ಲೇ '.ಭಾರತ' ಎಂಬ ವಿಳಾಸವೂ ಸಿಗುತ್ತದೆ, ಅದನ್ನು ನೋಡಿಕೊಳ್ಳುವುದು '.ಇನ್' ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ. ಕನ್ನಡದಲ್ಲಿ ವಿಳಾಸ ಇರುವುದು ಸಂತೋಷದ ಮಾತು. ಆದರೆ ಒಳಗೆ ಅದು 'ಎಕ್ಸ್‌ಎನ್' ಎಂದು ಶುರುವಾಗುವ ಇಂಗ್ಲಿಷ್ ಸಂಕೇತವಾಗಿ ಓಡಾಡುತ್ತದೆ, ಕೆಲವು ಆ್ಯಪ್‌ಗಳಲ್ಲಿ ಕೊಂಡಿಯಾಗುವುದೇ ಇಲ್ಲ, ಹಲವು ಫಾರಂಗಳು ಅದನ್ನು ಒಪ್ಪುವುದಿಲ್ಲ. ಸದ್ಯಕ್ಕೆ ಎರಡನೆಯ ವಿಳಾಸವಾಗಿ ಕೊಂಡು ಮುಖ್ಯ ವಿಳಾಸಕ್ಕೆ ತಿರುಗಿಸಿಡುವುದು ಕ್ಷೇಮ.

ಈಗ ಆ ಮೂರನೆಯ ಪ್ರಶ್ನೆ

ನಿಮ್ಮದು ಐದು ಪುಟದ ತಾಣವೇ? ಪರಿಚಯ, ಕೆಲಸದ ವಿವರ, ಸಂಪರ್ಕ, ಇಷ್ಟೇ? ಹಾಗಿದ್ದರೆ ಯಾವ ತಂತ್ರಾಂಶವೂ ಬೇಡ. ಕೈಯಲ್ಲೇ ಎಚ್‌ಟಿಎಂಎಲ್ ಬರೆಯಿರಿ. ಕಡತದ ಮೊದಲ 1024 ಬೈಟ್‌ಗಳ ಒಳಗೆ ಯುಟಿಎಫ್-8 ಎಂಬ ಘೋಷಣೆ ಬರಬೇಕು, ಫೋನಿನ ಪರದೆಯ ಅಗಲಕ್ಕೆ ಪುಟ ಹೊಂದಿಸುವ ವ್ಯೂಪೋರ್ಟ್ ಸಾಲು ಬೇಕು, ಮೊದಲ ಟ್ಯಾಗಿನಲ್ಲಿ ಭಾಷೆ 'ಕೆಎನ್' ಎಂದು ಹೇಳಬೇಕು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಅಥವಾ ಥೀಮಿನಲ್ಲಿ (ಸಿದ್ಧ ವಿನ್ಯಾಸದಲ್ಲಿ) ಬಂದ ಇಂಗ್ಲಿಷ್ ಗುರುತನ್ನೇ ಉಳಿಸುತ್ತಾರೆ. ಕಣ್ಣು ಕಾಣದವರು ಬಳಸುವ ಪರದೆ ಓದುಗ ತಂತ್ರಾಂಶ ಯಾವ ದನಿಯಲ್ಲಿ ಓದಬೇಕೆಂದು ತೀರ್ಮಾನಿಸುವುದು ಆ ಗುರುತು ನೋಡಿಯೇ. ಅಂಥ ಒಂದು ತಂತ್ರಾಂಶವಾದ ಎನ್‌ವಿಡಿಎ ಜೊತೆ ಬರುವ ಇಸ್ಪೀಕ್‌ನಲ್ಲಿ ಕನ್ನಡ ದನಿ ಇದೆ. ಗುರುತು ತಪ್ಪಾದರೆ ಅದು ಇದ್ದೂ ಪ್ರಯೋಜನಕ್ಕೆ ಬಾರದು.

ವಾರಕ್ಕೋ ತಿಂಗಳಿಗೋ ಒಂದು ಲೇಖನ ಸೇರುತ್ತಾ ಹೋಗುವ, ಒಬ್ಬರೇ ನಡೆಸುವ ತಾಣಕ್ಕೆ ನನ್ನ ಆಯ್ಕೆ ಹ್ಯೂಗೋ. 2013ರಿಂದ ಇದೆ, ಗೋ ಭಾಷೆಯಲ್ಲಿ ಬರೆದದ್ದು, ಇಡೀ ತಂತ್ರಾಂಶ ಒಂದೇ ಕಡತ. ಕಂಟೆಂಟ್ ಎಂಬ ಫೋಲ್ಡರಿನಲ್ಲಿ ಮಾರ್ಕ್‌ಡೌನ್ ಕಡತ ಇಟ್ಟು 'ಹ್ಯೂಗೋ ಸರ್ವರ್' ಎಂದು ಆದೇಶ ಕೊಟ್ಟರೆ ನಿಮ್ಮ ಯಂತ್ರದಲ್ಲೇ 1313ನೇ ಪೋರ್ಟಿನಲ್ಲಿ ತಾಣ ಕಾಣುತ್ತದೆ. ಬರೀ 'ಹ್ಯೂಗೋ' ಎಂದರೆ ಪಬ್ಲಿಕ್ ಎಂಬ ಫೋಲ್ಡರಿನಲ್ಲಿ ಸಿದ್ಧ ಪುಟಗಳು ಬೀಳುತ್ತವೆ. ಅದನ್ನು ಯಾವ ಸರ್ವರಿಗೆ ಏರಿಸಿದರೂ ಸರಿ. ಇದೇ ಬಗೆಯ ಜೆಕಿಲ್ 2008ರಿಂದ ಇದೆ, ತಾಣಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್ ಅದನ್ನು ತಾನೇ ನಡೆಸಿಕೊಡುತ್ತದೆ. ನಿಮ್ಮ ಯಂತ್ರದಲ್ಲಿ ನಡೆಸಲು ಮಾತ್ರ ರೂಬಿ ಭಾಷೆ ಮತ್ತು ಅದರ ಜೆಮ್ ಎಂಬ ಪೂರಕ ಭಾಗಗಳ ಆವೃತ್ತಿ ಹೊಂದಿಸುವ ಪಾಡು ಇದೆ. ಇಲೆವೆಂಟಿಯೂ ಇದೇ ಬಗೆಯದು, ಬೇಕಾದಂತೆ ತುಂಬ ಬಾಗುವ ತಂತ್ರಾಂಶ. ಜಾವಾಸ್ಕ್ರಿಪ್ಟ್ ಗೊತ್ತಿದ್ದವರಿಗೆ ಹಿತ. ಆದರೆ ನೋಡ್ ಮಾಡ್ಯೂಲ್ ಎಂಬ ಪೂರಕ ಭಾಗಗಳ ದೊಡ್ಡ ಫೋಲ್ಡರ್ ಬೆನ್ನಿಗಿರುತ್ತದೆ. ಮೂರು ವರ್ಷ ಬಿಟ್ಟು ಬಂದು ಒಂದು ಅಕ್ಷರದೋಷ ತಿದ್ದಲು ಹೋದಾಗ ಅವುಗಳಲ್ಲಿ ಯಾವುದೋ ಒಂದು ಮುನಿಸಿಕೊಂಡಿರುತ್ತದೆ. ಸ್ವಂತ ತಾಣಗಳು ಹೀಗೆ ಬಿಟ್ಟು ಬಿಟ್ಟು ನಡೆಯುವಂಥವು, ಅದಕ್ಕೇ ಒಂದೇ ಕಡತದ ಹ್ಯೂಗೋಗೆ ನನ್ನ ಒಲವು. ಆ ಕಡತವನ್ನೇ ಬರಹದ ಜೊತೆ ಬ್ಯಾಕಪ್‌ನಲ್ಲಿ ಇಡಬಹುದು. ಇಡಲೇಬೇಕು, ಯಾಕೆಂದರೆ ಹ್ಯೂಗೋ ಕೂಡ ಬದಲಾಗುತ್ತದೆ. 0.128ನೇ ಆವೃತ್ತಿಯಲ್ಲಿ ಪುಟ ವಿಂಗಡಣೆಯ ಸೆಟ್ಟಿಂಗಿನ ಹೆಸರೇ ಬದಲಾಯಿತು, ಹಳೆಯ ಹೆಸರು ಬಳಸಿದ ಥೀಮ್‌ಗಳೆಲ್ಲ ಒಂದೊಂದಾಗಿ ತೊಂದರೆ ಕೊಟ್ಟವು. ಯಾವ ಆವೃತ್ತಿ ಬಳಸಿದ್ದೀರೋ ಬರೆದಿಡಿ, ಸರ್ವರಿನಲ್ಲೂ ಅದೇ ಆವೃತ್ತಿ ನಮೂದಿಸಿ.

ಹ್ಯೂಗೋದಲ್ಲಿ ಹೊಸಬರು ಎಡವುವ ಜಾಗಗಳು ಬಹುತೇಕ ಒಂದೇ. ಲೇಖನ ಬರೆದಾಯಿತು, ತಾಣದಲ್ಲಿ ಕಾಣುತ್ತಿಲ್ಲ. ಮೊದಲು ನೋಡಬೇಕಾದ್ದು, ಕಡತದ ಮೇಲ್ತುದಿಯಲ್ಲಿರುವ ವಿವರದಲ್ಲಿ ಡ್ರಾಫ್ಟ್ (ಕರಡು) ಎಂದು ಉಳಿದಿದೆಯೇ ಎಂದು. ಇಲ್ಲದಿದ್ದರೆ ದಿನಾಂಕ. ಇದು ನಮ್ಮ ದೇಶದವರನ್ನು ಬಹಳ ಕಾಡುವ ತಪ್ಪು. ಬೆಳಗ್ಗೆ 6 ಗಂಟೆ ಎಂದು ಸಮಯ ಹಾಕಿ, ವಲಯ ಹೇಳದೆ ಬಿಟ್ಟರೆ ಹ್ಯೂಗೋ ಅದನ್ನು ಯುಟಿಸಿ (ವಿಶ್ವ ಪ್ರಮಾಣ ಸಮಯ) ಎಂದು ಓದುತ್ತದೆ. ಅಂದರೆ ನಮ್ಮ ಗಡಿಯಾರದಲ್ಲಿ 11.30. ನೀವು 7 ಗಂಟೆಗೆ ಪ್ರಕಟಿಸಲು ಹೋದರೆ ಅದರ ಲೆಕ್ಕದಲ್ಲಿ ಲೇಖನ ಇನ್ನೂ ಭವಿಷ್ಯದ್ದು, ಪುಟ ತಯಾರಾಗುವುದೇ ಇಲ್ಲ. 11.30 ಆದಮೇಲೂ ತಾನಾಗಿ ಬರದು, ಮತ್ತೆ ತಯಾರಿಸಬೇಕು. ಸೆಟ್ಟಿಂಗ್ ಕಡತದಲ್ಲಿ ಟೈಮ್‌ಝೋನ್ 'ಏಷ್ಯಾ/ಕೋಲ್ಕತಾ' ಎಂದು ಒಮ್ಮೆ ಹಾಕಿದರೆ ಮುಗಿಯಿತು. ಅಲ್ಲೇ ಮುಖ್ಯ ಭಾಷೆಯನ್ನೂ 'ಕೆಎನ್' ಮಾಡಿ.

ಪುಟ ಬರುತ್ತದೆ, ಆದರೆ ಬಣ್ಣ ವಿನ್ಯಾಸ ಏನೂ ಇಲ್ಲದೆ ಬೋಳಾಗಿ ಬರುತ್ತದೆ ಎಂದರೆ ಸೆಟ್ಟಿಂಗಿನಲ್ಲಿ ಕೊಟ್ಟ ತಾಣದ ಮೂಲ ವಿಳಾಸ (ಬೇಸ್ ಯುಆರ್‌ಎಲ್) ತಪ್ಪಿದೆ. ಗಿಟ್‌ಹಬ್ ಪೇಜಸ್‌ನಲ್ಲಿ ತಾಣ ಒಂದು ಉಪಫೋಲ್ಡರಿನ ಕೆಳಗಿದ್ದಾಗ ಆ ಹೆಸರನ್ನೂ ಸೇರಿಸಬೇಕು. ನಿಮ್ಮ ವಿಂಡೋಸ್ ಯಂತ್ರದಲ್ಲಿ ಕಂಡ ಚಿತ್ರ ಸರ್ವರಿನಲ್ಲಿ ಕಾಣದಿದ್ದರೆ ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರೆತಿದೆ. ವಿಂಡೋಸ್ ಎರಡನ್ನೂ ಒಂದೇ ಎನ್ನುತ್ತದೆ, ಲಿನಕ್ಸ್ ಒಪ್ಪುವುದಿಲ್ಲ. ಇನ್ನು, ಅಳಿಸಿದ ಲೇಖನ ತಾಣದಲ್ಲಿ ಉಳಿದೇ ಇದ್ದರೆ ಪಬ್ಲಿಕ್ ಫೋಲ್ಡರನ್ನು ಅಳಿಸಿ ಮತ್ತೆ ತಯಾರಿಸಿ. ಹ್ಯೂಗೋ ಹಳೆಯ ಪುಟಗಳನ್ನು ತಾನಾಗಿ ತೆಗೆಯುವುದಿಲ್ಲ. ಪ್ರಕಟಿಸಬಾರದ ಕರಡು ಹೀಗೆ ಹೊರಗೆ ಹೋಗುವ ಸಾಧ್ಯತೆ ಇದೆ ಎಂಬುದನ್ನು ಮರೆಯಬೇಡಿ.

ವರ್ಡ್‌ಪ್ರೆಸ್ ಬೇಡವೆಂದು ನಾನು ಹೇಳುತ್ತಿಲ್ಲ. ನಾಲ್ಕಾರು ಜನ ಬರೆಯುವ ತಾಣ, ಬ್ರೌಸರಿನಲ್ಲೇ ಬರೆದು ಒತ್ತುವುದನ್ನು ಬಿಟ್ಟು ಬೇರೇನೂ ಬೇಡ ಎನ್ನುವ ಲೇಖಕರು, ಪುಸ್ತಕ ಮಾರಾಟ, ಇಂಥ ಅಗತ್ಯಕ್ಕೆ ಅದೇ ಸರಿ. ಪಿಎಚ್‌ಪಿ, ಡೇಟಾಬೇಸ್, ಪ್ಲಗಿನ್‌ಗಳನ್ನು ತಿಂಗಳು ತಿಂಗಳು ಅಪ್‌ಡೇಟ್ ಮಾಡುವ ಹೊಣೆ ಹೊರಬೇಕು, ಅಷ್ಟೇ. ಕನ್ನಡಕ್ಕೆ ಸಂಬಂಧಿಸಿದ ಎರಡು ಸಂಗತಿ ಮಾತ್ರ ಮೊದಲ ದಿನವೇ ನೋಡಬೇಕು. ಒಂದು, ಡೇಟಾಬೇಸಿನ ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಆಗಿರಬೇಕು. ಹಳೆಯ ಹೋಸ್ಟಿಂಗ್‌ನಲ್ಲಿ ಲ್ಯಾಟಿನ್1 ಉಳಿದಿದ್ದರೆ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗಿ ಶಾಶ್ವತವಾಗಿ ಉಳಿಯುತ್ತದೆ.

ಇನ್ನೊಂದು, ವಿಳಾಸದ ಬಾಲ. ವರ್ಡ್‌ಪ್ರೆಸ್ ಲೇಖನದ ಶೀರ್ಷಿಕೆಯಿಂದ ವಿಳಾಸ ಮಾಡುತ್ತದೆ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ 9 ಗುರುತಾಗುತ್ತದೆ. 'ಕನ್ನಡ' ಎಂಬ ಒಂದೇ ಪದ 45 ಗುರುತು. ವರ್ಡ್‌ಪ್ರೆಸ್ ಇದಕ್ಕೆ ಕೊಟ್ಟಿರುವ ಜಾಗ 200. 'ನಮ್ಮೂರಿನ ಕೆರೆಗಳ ಕಥೆ ಮತ್ತು ವ್ಯಥೆ' ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ 'ನಮ್ಮೂರಿನ-ಕೆರೆಗಳ-ಕಥೆ-ಮತ್ತ' ಎಂದು ನಿಂತುಬಿಡುತ್ತದೆ, ಕೊಂಬಿಗೂ ಜಾಗ ಉಳಿಯುವುದಿಲ್ಲ. ಅದೇ ಪದಗಳಿಂದ ಶುರುವಾಗುವ ಎರಡನೆಯ ಲೇಖನಕ್ಕೆ ಕೊನೆಯಲ್ಲಿ 2 ಅಂಟಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಮೂರು ಸಾಲು ಶೇಕಡಾ ಚಿಹ್ನೆಗಳೇ ಕಾಣುತ್ತವೆ. ಅದಕ್ಕಾಗಿ ಪ್ರತಿ ಲೇಖನಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಬಾಲವನ್ನು ನೀವೇ ಕೊಡಿ. ಹ್ಯೂಗೋದಲ್ಲೂ ಹೀಗೇ. ಕಡತಗಳ ಹೆಸರೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕಡತಗಳ ಬದಲಾವಣೆಯ ದಾಖಲೆ ಇಡುವ ಗಿಟ್ ಕನ್ನಡ ಹೆಸರನ್ನು ಅಂಕಿಗಳ ಸಾಲಾಗಿ ತೋರಿಸುತ್ತದೆ, ಕೋರ್ ಕೋಟ್‌ಪಾತ್ ಎಂಬ ಸೆಟ್ಟಿಂಗ್ ತೆಗೆದ ಮೇಲಷ್ಟೇ ಓದಲು ಬರುತ್ತದೆ. ಶೀರ್ಷಿಕೆ ಕನ್ನಡದಲ್ಲಿ, ಬಾಲ ಇಂಗ್ಲಿಷಿನಲ್ಲಿ. ಇದರಿಂದ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಅಕ್ಷರದ ಚೆಲುವು

ಥೀಮ್‌ಗಳನ್ನು ಮಾಡುವವರಲ್ಲಿ ಹೆಚ್ಚಿನವರು ಇಂಗ್ಲಿಷ್ ಅಕ್ಷರ ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರುತ್ತಾರೆ. ಮಾದರಿ ಪುಟ ಎಷ್ಟೇ ಚೆನ್ನಾಗಿರಲಿ, ಕನ್ನಡ ಹಾಕಿ ನೋಡುವವರೆಗೆ ಒಪ್ಪಬೇಡಿ. ಹಾಕಬೇಕಾದ ಪರೀಕ್ಷೆಯ ಸಾಲು ಇದು: ರಾಷ್ಟ್ರ, ಸ್ತ್ರೀ, ಸೂರ್ಯ, ರ‍್ಯಾಂಕ್, ಸಾಫ್ಟ್‌ವೇರ್, ಜ್ಞಾನ, ಕೃಷ್ಣ, ೧೨೩, ₹500. ಇದನ್ನೇ ಶೀರ್ಷಿಕೆಯಲ್ಲೂ ಎರಡು ಸಾಲಿಗೆ ಬರುವಷ್ಟು ಉದ್ದ ಹಾಕಿ.

ಶೀರ್ಷಿಕೆಗೆ ಥೀಮ್‌ಗಳು ಸಾಲಿನ ಎತ್ತರ 1.1 ಅಥವಾ 1.2 ಇಟ್ಟಿರುತ್ತವೆ. ನಮ್ಮ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ, ಗುಡಿಸುಗಳು ಮೇಲಕ್ಕೆ ಏರುತ್ತವೆ. ಮೇಲಿನ ಸಾಲಿನ 'ಷ್ಟ್ರ' ಕೆಳಗಿನ ಸಾಲಿನ 'ಕೀ' ಮೇಲೆ ಕುಳಿತುಬಿಡುತ್ತದೆ. ಶೀರ್ಷಿಕೆಗೆ 1.4, ಬರಹಕ್ಕೆ 1.7 ಸುಮಾರಿಗೆ ಹೊಂದುತ್ತದೆ. ಅಕ್ಷರಗಳ ನಡುವೆ ಅಂತರ ಕೊಡುವ ಸೆಟ್ಟಿಂಗನ್ನು ಪೂರ್ತಿ ತೆಗೆಯಿರಿ. ಇಟಾಲಿಕ್ ಕೂಡ ಬೇಡ. ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕೆಂದೇ ಬರೆದ ಅಕ್ಷರ ಇರುವುದಿಲ್ಲ, ಬ್ರೌಸರ್ ಇದ್ದದ್ದನ್ನೇ ಓರೆ ಮಾಡಿ ತೋರಿಸುತ್ತದೆ, ದುಂಡಗಿನ ಅಕ್ಷರ ಬೀಳುತ್ತಿರುವಂತೆ ಕಾಣುತ್ತದೆ. ಒತ್ತು ಕೊಡಲು ದಪ್ಪಕ್ಷರ ಸಾಕು. ಎರಡೂ ಅಂಚು ಸಮ ಮಾಡುವುದು ಪುಸ್ತಕದಲ್ಲಿ ಚೆಂದ. ಫೋನಿನ ಕಿರಿದಾದ ಪರದೆಯಲ್ಲಿ ನಮ್ಮ ಉದ್ದುದ್ದ ಪದಗಳ ನಡುವೆ ಹಳ್ಳ ಬೀಳುತ್ತದೆ.

ಫಾಂಟ್ ಯಾವುದು? ವಿಂಡೋಸ್‌ನ ನಿರ್ಮಲಾ, ಹಳೆಯ ತುಂಗಾ, ಆಪಲ್‌ನ ಕನ್ನಡ ಸಂಗಮ್, ಆಂಡ್ರಾಯ್ಡ್‌ನ ನೋಟೋ ಎಲ್ಲವೂ ಓದುವವರ ಯಂತ್ರದಲ್ಲೇ ಇರುವಂಥವು. ಬರೀ ಅವನ್ನು ನಂಬಿ ನಡೆಸಿದರೂ ತಪ್ಪಲ್ಲ, ಪುಟ ತಟ್ಟನೆ ತೆರೆಯುತ್ತದೆ. ಎಲ್ಲ ಕಡೆ ಒಂದೇ ರೂಪ ಬೇಕೆಂದರೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ ಮುಂತಾದವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ವೋಫ್2 ಎಂಬ ಜಾಲತಾಣದ ಫಾಂಟ್ ರೂಪದಲ್ಲಿ ನಿಮ್ಮದೇ ತಾಣದಲ್ಲಿಡಿ, ಎರಡು ದಪ್ಪಕ್ಕಿಂತ ಹೆಚ್ಚು ಬೇಡ. ಗಾತ್ರ ಇಳಿಸಲು, ಬೇಡದ ಅಕ್ಷರಗಳನ್ನು ಫಾಂಟ್‌ನಿಂದ ತೆಗೆಯುವ ಫಾಂಟ್‌ಟೂಲ್ಸ್‌ನ ಪೈ-ಎಫ್‌ಟಿ-ಸಬ್‌ಸೆಟ್ ಬಳಸುವವರು ಕನ್ನಡದ 128 ಸ್ಥಾನ ಮಾತ್ರ ಉಳಿಸಿ ಕೈತೊಳೆದುಕೊಳ್ಳುತ್ತಾರೆ. ಆಗ 'ಸಾಫ್ಟ್‌ವೇರ್' ಕೆಡಬಹುದು. ಟ್ ಮತ್ತು ವೇ ಸೇರಿ ಒತ್ತಕ್ಷರ ಆಗದಂತೆ ನಡುವೆ ಕಾಣದ ಒಂದು ಗುರುತು ಇದೆ, ಅದರ ಯೂನಿಕೋಡ್ ಸ್ಥಾನ 200ಸಿ. 'ರ‍್ಯಾಂಕ್'ನಲ್ಲಿ ಅರ್ಕಾವತ್ತು ಬರದಂತೆ ತಡೆಯುವುದು 200ಡಿ. ಇವೆರಡೂ ಕನ್ನಡದ ಪಟ್ಟಿಯ ಹೊರಗಿವೆ. ಜೊತೆಗೆ ಪೂರ್ಣವಿರಾಮದ ದಂಡಗಳಾದ 0964, 0965, ರೂಪಾಯಿ ಚಿಹ್ನೆ 20ಬಿ9 ಕೂಡ ಹೊರಗಿನವೇ. ಎಲ್ಲವನ್ನೂ ಪಟ್ಟಿಗೆ ಸೇರಿಸಿ.

ತಾಣದೊಳಗಿನ ಹುಡುಕಾಟದಲ್ಲೂ ಇಂಥದೇ ಒಂದು ಗುಂಡಿ ಇದೆ. ಹಲವು ಥೀಮ್‌ಗಳಲ್ಲಿರುವ ಲೂನಾರ್ ಜೆಎಸ್ ಎಂಬ ಹುಡುಕಾಟದ ತಂತ್ರಾಂಶ, ಪದದ ಎರಡೂ ತುದಿಯಲ್ಲಿ ಇಂಗ್ಲಿಷ್ ಅಕ್ಷರ ಅಥವಾ ಅಂಕಿ ಅಲ್ಲದ್ದನ್ನು ಕತ್ತರಿಸುತ್ತದೆ. ಕನ್ನಡ ಪದದಲ್ಲಿ ಕತ್ತರಿಸುತ್ತಾ ಹೋದರೆ ಏನೂ ಉಳಿಯದು, ಪಟ್ಟಿ ಖಾಲಿ. ಟ್ರಿಮ್ಮರ್ ಎಂಬ ಆ ಹಂತವನ್ನು ತೆಗೆಯಬೇಕು, ಇಲ್ಲವೇ ಪೇಜ್‌ಫೈಂಡ್ ಎಂಬ ಇನ್ನೊಂದು ತಂತ್ರಾಂಶ ಬಳಸಬೇಕು. ಪದದ ಆರಂಭ ಹೊಂದಿಸಿ ಹುಡುಕಿದರೆ 'ಮರ' ಎಂದಾಗ 'ಮರದಲ್ಲಿ' ಸಿಗುತ್ತದೆ. 'ಊರು' ಎಂದರೆ 'ಊರಿನಲ್ಲಿ' ಸಿಗುವುದಿಲ್ಲ, ವಿಭಕ್ತಿ ಬಂದಾಗ ಕೊನೆಯ ಸ್ವರ ಬಿದ್ದುಹೋಗುತ್ತದಲ್ಲ. 'ಊರ' ಎಂದು ಹುಡುಕಬೇಕೆಂದು ಓದುಗರಿಗೆ ಹುಡುಕಾಟದ ಪೆಟ್ಟಿಗೆಯ ಕೆಳಗೆ ಒಂದು ಸಾಲು ಬರೆದಿಡಿ.

ಚಿತ್ರಗಳ ವಿಷಯ ಚಿಕ್ಕದು. ಫೋನಿನ ಫೋಟೋವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿದರೆ ಕೆಲವು ಮೆಗಾಬೈಟ್ ಇದ್ದದ್ದು ಕೆಲವು ನೂರು ಕಿಲೋಬೈಟ್‌ಗೆ ಬರುತ್ತದೆ. ಫೋಟೋದೊಳಗೆ ಜಿಪಿಎಸ್ ಸ್ಥಳ ಅಡಗಿರುತ್ತದೆ, ನಿಮ್ಮ ಮನೆಯಲ್ಲಿ ತೆಗೆದ ಚಿತ್ರವಾದರೆ ನಿಮ್ಮ ಮನೆಯ ಸ್ಥಳ. ಅದನ್ನು ಅಳಿಸಿಯೇ ಏರಿಸಿ.

ನಡೆಸಿಕೊಂಡು ಹೋಗುವುದು

ಸಿದ್ಧ ಪುಟಗಳ ತಾಣಕ್ಕೆ ಗಿಟ್‌ಹಬ್ ಪೇಜಸ್ ಉಚಿತ, ಮಿತಿ 1 ಗಿಗಾಬೈಟ್. ಅಂಥದೇ ಸೇವೆಯಾದ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಒಂದು ಕಡತ 25 ಮೆಗಾಬೈಟ್ ಮೀರುವಂತಿಲ್ಲ. ಬರಹದ ತಾಣಕ್ಕೆ ಯಾವುದೂ ಸಾಲದೆ ಬರುವುದಿಲ್ಲ, ಧ್ವನಿ ಮತ್ತು ಪಿಡಿಎಫ್ ಮಾತ್ರ ಯೋಚಿಸಿ ಇಡಿ. ಗಿಟ್‌ಹಬ್‌ನ ಸಾರ್ವಜನಿಕ ಭಂಡಾರದಲ್ಲಿ ಕರಡುಗಳೂ ಎಲ್ಲರಿಗೆ ಕಾಣುತ್ತವೆ ಎಂಬುದು ನೆನಪಿರಲಿ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವಾಗ, ಹಿಂದಿನ ದಿನವೇ ಡಿಎನ್‌ಎಸ್‌ನ (ಡೊಮೇನ್ ಯಾವ ಸರ್ವರಿನದೆಂದು ಹೇಳುವ ವ್ಯವಸ್ಥೆಯ) ಟಿಟಿಎಲ್, ಅಂದರೆ ಹಳೆಯ ಉತ್ತರ ನೆನಪಿಟ್ಟುಕೊಳ್ಳುವ ಅವಧಿ, 300 ಸೆಕೆಂಡಿಗೆ ಇಳಿಸಿ. ಇಲ್ಲದಿದ್ದರೆ ಕೆಲವರಿಗೆ ಹೊಸ ತಾಣ, ಕೆಲವರಿಗೆ ಹಳೆಯದು ಗಂಟೆಗಟ್ಟಲೆ ಕಾಣುತ್ತದೆ. ಹಳೆಯ ವಿಳಾಸಗಳನ್ನು ಬಿಟ್ಟುಬಿಡಬೇಡಿ. ಹ್ಯೂಗೋದಲ್ಲಿ ಏಲಿಯಾಸಸ್ ಎಂಬ ಸಾಲಿನಲ್ಲಿ ಹಳೆಯ ವಿಳಾಸ ಬರೆದರೆ ಅಲ್ಲಿಂದ ಹೊಸ ಪುಟಕ್ಕೆ ತಿರುಗುತ್ತದೆ.

ಬ್ಲಾಗ್‌ಸ್ಪಾಟ್‌ನಿಂದ ಹೊರಗೆ ಬರುವವರು ಗಮನಿಸಿ: ಅಲ್ಲಿನ ಬ್ಯಾಕಪ್ ಕಡತದಲ್ಲಿ ಬರಹ ಇರುತ್ತದೆ, ಚಿತ್ರಗಳು ಇರುವುದಿಲ್ಲ. ಅವುಗಳ ಕೊಂಡಿ ಮಾತ್ರ. ಚಿತ್ರಗಳೂ ಕೈಗೆ ಬಂದಿವೆಯೇ ಎಂದು ಬೇರೆಯಾಗಿ ನೋಡಿಕೊಳ್ಳಬೇಕು. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಕೂಡ ಹಾಗೆಯೇ. ಅಲ್ಲಿ ಡೇಟಾಬೇಸ್ ಒಂದು, ಅಪ್‌ಲೋಡ್ಸ್ ಫೋಲ್ಡರ್ ಒಂದು, ಎರಡನ್ನೂ ತೆಗೆದಿಟ್ಟರೆ ಮಾತ್ರ ಬ್ಯಾಕಪ್.

ವರ್ಷಕ್ಕೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ ತಾಣವನ್ನು ಮತ್ತೆ ಎಬ್ಬಿಸಿ ನೋಡಿ. ಪರೀಕ್ಷೆಯ ಸಾಲು ಇದ್ದ ಪುಟ, ತೀರ ಹಳೆಯ ಒಂದು ಪುಟ, ಚಿತ್ರ ಇರುವ ಒಂದು ಪುಟ ತೆರೆದರೆ ಸಾಕು. ಅದೇ ಫೋಲ್ಡರಿನ ಮೇಲ್ಗಡೆ ಕನ್ನಡದಲ್ಲಿ ಬರೆದ ಒಂದು ಸರಳ ಕಡತ ಇಡಿ: ಡೊಮೇನ್ ಎಲ್ಲಿ ಕೊಂಡದ್ದು, ಯಾವ ತಾರೀಖಿಗೆ ಮುಗಿಯುತ್ತದೆ, ಯಾವ ಇಮೇಲಿನಲ್ಲಿ ಖಾತೆ ಇದೆ, ಹ್ಯೂಗೋ ಯಾವ ಆವೃತ್ತಿ, ಪುಟ ಏರಿಸುವುದು ಹೇಗೆ. ಪಾಸ್‌ವರ್ಡ್ ಅದರಲ್ಲಿ ಬೇಡ. ಆ ಕಡತ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿಡಿ.